ವ್ರಜೇಶನ ಮನೆಗೂ ಒಂದು ಸಿಂಹ

ಗೀರ್ ಕಾಡಿನಂಚಿನ ಧಾರಿ ಎಂಬ ಊರಿನಲ್ಲಿ ಗೋಪಾಲ ಸೊಸೈಟಿ ಎಂಬ ಬಡಾವಣೆ. ಅಲ್ಲಿನ ಹದಿನೆಂಟು ಮನೆಗಳಲ್ಲಿ ಹದಿನೇಳರ ಮುಂದೆ ಸಿಂಹ ಒಂದಲ್ಲ ಒಂದು ಸಲ ಸುಳಿದು ಹೋಗಿತ್ತು. ಉಳಿದೊಂದು ಮನೆ ವ್ರಜೇಶನದು. (ಕಡಲೆಕಾಯಿ ಎಣ್ಣೆಮಿಲ್ಲಿನ ಗುಮಾಸ್ತನ ಮನೆಗೆ ನೆಂಟರೇ ಯೋಚಿಸಿ ಬರುತ್ತಾರೆ, ಇನ್ನು ಮೃಗರಾಜ ಯಾಕೆ ಬಂದಾನು ಎಂದು ಅವನೇ ಸಮಾಧಾನ ಹೇಳಿಕೊಳ್ಳುತ್ತಿದ್ದ.)

ಹದಿನಾರು ಮನೆಗಳ ಸಿಂಹವನ್ನು ಅವನು ಹೇಗೋ ಸಹಿಸಿಕೊಂಡಿದ್ದ. ಸಹಿಸಲಾಗದ್ದು ಪಕ್ಕದ ಮನೆಯ ರಮಣೀಕಭಾಯಿಯ ಸಿಂಹ. ಅದು ಸುಮ್ಮನೆ ಸುಳಿದು ಹೋಗಿರಲಿಲ್ಲ. ಗೇಟಿನ ಮುಂದಿನ ದನದ ತೊಟ್ಟಿಯಲ್ಲಿ ಸಾವಕಾಶವಾಗಿ ನೀರು ಕುಡಿದು, ಗೇಟಿನ ಮೇಲಿನ ಕ್ಯಾಮೆರಾದ ಕಡೆ ಮುಖ ಮಾಡಿ ಆಕಳಿಸಿತ್ತು. ಆ ಆಕಳಿಕೆಯನ್ನು ಊರೆಲ್ಲ ಮೊಬೈಲಿನಲ್ಲಿ ನೋಡಿತು. ರಮಣೀಕಭಾಯಿ ಒಂದು ಹೆಜ್ಜೆಗುರುತಿನ ಮೇಲೆ ಬಿದಿರ ಬುಟ್ಟಿ ಬೋರಲು ಹಾಕಿ, ಬಂದವರಿಗೆಲ್ಲ ಅದನ್ನೆತ್ತಿ ಶ್ರೀಪಾದದರ್ಶನ ಮಾಡಿಸತೊಡಗಿದ. ಸಂಜೆ ಜಗಲಿಗೆ ಚಹಾ ಬಂದರೆ ಮೊದಲ ಸಾಸರು ಅವನಿಗೆ.

ಅದೂ ಹೋಗಲಿ. ರಾಜಕೋಟದಿಂದ ನಾದಿನಿ ಬಂದಿಳಿದಾಗ ವ್ರಜೇಶನ ಹೆಂಡತಿ ಜಾಗೃತಿ ತಂಗಿಯ ಕೈಗೆ ಕುರುಕಲು ಗಾಂಠಿಯಾದ ತಟ್ಟೆ ಕೊಡುವ ಮೊದಲೇ ಬುಟ್ಟಿ ತೋರಿಸಲು ಎಳೆದುಕೊಂಡು ಹೋದಳು!

“ಯಾಕೆ, ನಮ್ಮನೇಲಿ ನೋಡೋಕೆ ಏನೂ ಇಲ್ವಾ?” ಎಂದ ವ್ರಜೇಶ.

“ಇದೆಯಲ್ಲ, ನೀವು. ಅವಳು ಮದುವೇಲೇ ನೋಡಿಯಾಗಿದೆ.”

“ಸಿಂಹ ಬಂದಾಗ ಆ ರಮಣೀಕ ಏನು ಸಾಧಿಸಿದ ಹೇಳು? ಕಂಬಳಿ ಹೊದ್ದು ಗೊರಕೆ ಹೊಡೀತಿದ್ದ.”

“ಗೊರಕೆ ನೀವೂ ಹೊಡೀತೀರಿ. ಬಂತಾ ಸಿಂಹ? ಪ್ರಾಣಿಗೂ ಮನುಷ್ಯರ ಯೋಗ್ಯತೆ ಗೊತ್ತಾಗತ್ತೆ ಕಣ್ರೀ.”

ವ್ರಜೇಶ ಅಂದೇ ತೀರ್ಮಾನಿಸಿದ. ಸಿಂಹ ತಾನಾಗಿ ಬರದಿದ್ದರೆ ಬರಿಸಬೇಕು!

ಮರುದಿನ ಬೆಳಗ್ಗೆ ಜಾಗೃತಿ ತಂಗಿಯನ್ನೂ ಕರೆದುಕೊಂಡು ಹಾಲಿಗೆ ಹೋದಳು. ಮುಂದಿನ ಅಂಗಳದ ಮಣ್ಣಿಗೆ ವ್ರಜೇಶ ನೀರು ಚಿಮುಕಿಸಿದ. ಸಿಂಹದ ಅಂಗಾಲಿನ ಅಚ್ಚಿಗೆ ದಾಲ್ ಬಟ್ಟಲು, ಬೆರಳುಗಳಿಗೆ ನಿಂಬೆಹಣ್ಣಿನ ಹೋಳು. ಗೇಟಿನಿಂದ ಹೊಸಿಲವರೆಗೆ ಹನ್ನೆರಡು ಹೆಜ್ಜೆ ಒತ್ತಿ, ಸಾಮಾನು ಬಚ್ಚಿಟ್ಟು, “ಸಾವಜ! ಸಾವಜ ಬಂದಿತ್ತು!” ಎಂದು ಆ ಸೀಮೆಯವರು ಸಿಂಹವನ್ನು ಕರೆಯುವ ಹೆಸರು ಹಿಡಿದು ಬೊಬ್ಬೆ ಹಾಕಿದ.

ಗಳಿಗೆಯಲ್ಲಿ ಸೊಸೈಟಿಯೇ ನೆರೆಯಿತು. ಹಾಲಿನ ಕ್ಯಾನು ಹಿಡಿದು ಬಂದ ಜಾಗೃತಿ ಬಾಯಿ ಬಿಟ್ಟಳು. “ಅಬ್ಬಬ್ಬಾ! ನೀವೆಲ್ಲಿದ್ರಿ?”

“ಬಾಗಿಲು ತೆಗೆದಿಟ್ಟು ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದೆ. ಸಿಂಹ ಬಂತು ಅಂತ ಹಲ್ಲುಜ್ಜೋದು ಬಿಡೋಕಾಗುತ್ತಾ?”

ಮದುವೆಯಾಗಿ ಮೂರು ವರ್ಷದಲ್ಲಿ ಮೊದಲ ಸಲ ಜಾಗೃತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ರಮಣೀಕಭಾಯಿಯ ಮುಖ ಹುಳಿ ಮಜ್ಜಿಗೆಯಾಗಿತ್ತು. ವ್ರಜೇಶ ಅತ್ಯಂತ ವಿನಯದಿಂದ, “ಭಾಯ್, ನಿಮ್ಮ ಬುಟ್ಟಿ ಬಿಡುವಾಗಿದ್ರೆ ಸ್ವಲ್ಪ ಕೊಡ್ತೀರಾ?” ಎಂದು ಕೇಳಿದ.

ಅಷ್ಟರಲ್ಲಿ ಅರಣ್ಯ ಇಲಾಖೆಯ ಜೀಣಾಭಾಯಿ ಬಂದ. ಹೆಜ್ಜೆಗುರುತನ್ನು ಪೇಪರಿನ ಹಾಗೆ ಓದುವ ಮುದುಕ. ಕುಕ್ಕರುಗಾಲಿನಲ್ಲಿ ಕುಳಿತು ಬಹಳ ಹೊತ್ತು ಮಣ್ಣು ನೋಡಿದ. ಅದಕ್ಕಿಂತ ಹೆಚ್ಚು ಹೊತ್ತು ವ್ರಜೇಶನ ಮುಖ ನೋಡಿದ. ಆಮೇಲೆ ಪಕ್ಕದಲ್ಲಿದ್ದ ರಮಣೀಕಭಾಯಿಯ ಕಿವಿಯಲ್ಲಿ ಏನೋ ಅಂದು ಎದ್ದು ನಿಂತ.

“ಒಳಗೆ ಹೋದ ಹೆಜ್ಜೆ ಹನ್ನೆರಡು. ಹೊರಗೆ ಬಂದದ್ದು ಒಂದೂ ಇಲ್ಲ. ಅಂದ್ಮೇಲೆ ಸಿಂಹ ಮನೆಯೊಳಗೇ ಇದೆ.”

ಜನ ದಿಕ್ಕಾಪಾಲಾಗಿ ಎದುರು ಜಗಲಿ ಹತ್ತಿದರು. ಹೊರಗೆ ಬಂದ ಹೆಜ್ಜೆ! ಅದು ವ್ರಜೇಶನಿಗೆ ಹೊಳೆದೇ ಇರಲಿಲ್ಲ. ಮನೆಗೆ ಬಂದವರನ್ನು ಕಳಿಸಿಕೊಡುವ ಅಭ್ಯಾಸ ಇದ್ದರಲ್ಲವೆ?

“ಅಯ್ಯೋ! ಅತ್ತೆ ಒಳಗಿದ್ದಾರೆ! ಪೂಜೆಗೆ ಕೂತಿದ್ದಾರೆ, ಕಿವಿ ಬೇರೆ ಸರಿಯಾಗಿ ಕೇಳಲ್ಲ!” ಎಂದು ಜಾಗೃತಿ ಎದೆ ಬಡಿದುಕೊಂಡಳು.

ಸಿಂಹವಿಲ್ಲ ಎಂದರೆ ಮಾನ ಹೋಗುತ್ತದೆ. ಇದೆ ಎಂದರೆ ತಾಯಿಯನ್ನು ಬಿಟ್ಟು ಬೀದಿಯಲ್ಲಿ ನಿಂತ ಮಗನಾಗುತ್ತಾನೆ. ಹೀಗೆ ತೊಳಲಾಡುತ್ತಿದ್ದಾಗಲೇ ಒಂದು ಉಪಾಯ ಮಿಂಚಿತು. ಒಳಗೆ ಇರುವುದು ಅಮ್ಮ, ಗಂಟೆ, ಊದುಬತ್ತಿ. ನುಗ್ಗಿದರೆ ಕೂದಲೂ ಕೊಂಕುವುದಿಲ್ಲ, ಪರಾಕ್ರಮವೆಲ್ಲ ತನ್ನದು! ನುಗ್ಗುವಾಗ ಏನೆಂದು ಕೂಗಬೇಕು, ಅಮ್ಮನನ್ನು ಎತ್ತಿಕೊಂಡು ಬರುವುದೋ ಕೈಹಿಡಿದು ತರುವುದೋ (ಅಮ್ಮನ ತೂಕ ನೆನೆದು ಎರಡನೆಯದೇ ವಾಸಿ ಎನಿಸಿತು) ಎಂದು ಯೋಚಿಸುತ್ತ ಅಂಗಿಯ ಒಂದು ತೋಳು ಮಡಿಸಿದ. ಇನ್ನೊಂದು ತೋಳು ಮಡಿಸಬೇಕು, ಅಷ್ಟರಲ್ಲಿ ರಮಣೀಕಭಾಯಿ ದೊಣ್ಣೆ ಹಿಡಿದು ಹೊಸಿಲು ದಾಟಿಯಾಗಿತ್ತು.

“ನಿಲ್ರೀ! ನನ್ನ ಮನೆ! ನನ್ನ ತಾಯಿ! ನನ್ನ ಸಿಂಹ!” ಎಂದು ವ್ರಜೇಶ ಅರಚಿದ.

ಜಾಗೃತಿ ಅಂಗಿ ಹಿಡಿದು ಜಗ್ಗಿದಳು. “ಸುಮ್ನಿರಿ, ನಿಮ್ಮ ಕೈಲಾಗೋ ಕೆಲಸ ಅಲ್ಲ ಅದು. ಗಂಡಸು ಅನ್ನೋನು ಹೋಗಿದ್ದಾನೆ.”

ಒಳಗೆ ಪಾತ್ರೆ ಉರುಳಿದ ಸದ್ದು, ರಮಣೀಕಭಾಯಿಯ ಹೂಂಕಾರ, ದೊಣ್ಣೆ ಬಡಿತ. ಆಮೇಲೆ ಜಪಸರದ ಸಮೇತ ವ್ರಜೇಶನ ತಾಯಿಯ ಕೈಹಿಡಿದು ಅವನು ಹೊರಗೆ ಬಂದ. “ಹೆದರಬೇಡಿ! ನನ್ನ ದನಿ ಕೇಳಿ ಹಿತ್ತಲ ಗೋಡೆ ಹಾರಿ ಓಡ್ತು!”

ತಾಯಿ ಅವನ ತಲೆ ನೇವರಿಸಿದಳು. “ನಾನು ಹೆತ್ತವನು ಬೀದಿಯಲ್ಲಿ ನಿಂತ. ಪಕ್ಕದ ಮನೆಯವಳು ಹೆತ್ತವನು ನನಗೆ ಮಗನಾದ.”

ಊರು ಚಪ್ಪಾಳೆ ತಟ್ಟಿತು. ಜಾಗೃತಿ ಚಹಾಕ್ಕೆ ಬೀರುವಿನ ಹೂವಿನ ಸಾಸರನ್ನೇ ತೆಗೆಯಲು ಓಡಿದಳು. ರಮಣೀಕಭಾಯಿ ಹಾದುಹೋಗುತ್ತ ವ್ರಜೇಶನ ಹೆಗಲ ಮೇಲೆ ಕೈಯಿಟ್ಟು ಕಿವಿಯಲ್ಲಿ ಉಸುರಿದ: “ಜೀಣಾಭಾಯಿ ನನಗೆ ಮೊದಲೇ ಹೇಳಿದ್ದ ಕಣೋ. ಹನ್ನೆರಡು ಹೆಜ್ಜೇನೂ ಎಡಗಾಲಿನದೇ ಅಂತೆ. ಯಾರಿಗೂ ಹೇಳ್ಬೇಡ, ಆಯ್ತಾ?”

ಯಾರಿಗೆ ಹೇಳುವುದು? ಹೇಳಿದರೆ ತನ್ನದೇ ಬಣ್ಣ ಬಯಲು.

“ಏನ್ರೀ ಕಂಬದ ಹಾಗೆ ನಿಂತಿದ್ದೀರಿ? ನಿಮ್ಮ ತಾಯೀನ ಉಳಿಸಿದ್ದಾನೆ, ಚಪ್ಪಾಳೆಯಾದ್ರೂ ತಟ್ಟಿ!” ಒಳಗಿನಿಂದ ಜಾಗೃತಿ ಗದರಿದಳು.

ವ್ರಜೇಶ ತಟ್ಟಿದ. ಸೊಸೈಟಿಯಲ್ಲೇ ಎಲ್ಲರಿಗಿಂತ ಜೋರಾಗಿ ತಟ್ಟಿದ. ಮೆಲ್ಲಗೆ ತಟ್ಟಿದರೆ ಜನ ಹೊಟ್ಟೆಕಿಚ್ಚು ಎಂದುಬಿಟ್ಟಾರು!