ತೀರ್ಥಪ್ರಸಾದ ಕೂರಲಿಲ್ಲ

ಕೊರೊನಾ ಹೋಗುವಾಗ ತೀರ್ಥಪ್ರಸಾದನ ಕೆಮ್ಮನ್ನು ಕರೆದುಕೊಂಡು ಹೋಗಿ, ಮೂಲವ್ಯಾಧಿಯನ್ನು ಬಿಟ್ಟುಹೋಯಿತು.

"ಕೆಲವರಿಗೆ ಹೀಗೂ ಆಗ್ತದೆ. ನೀರು ಕುಡೀರಿ, ಸೊಪ್ಪು ತಿನ್ನಿ, ಒಂದು ವಾರ ಕೂತು ಕೆಲಸ ಮಾಡ್ಬೇಡಿ," ಎಂದಿದ್ದರು ಮಡಿಕೇರಿಯ ಡಾಕ್ಟರು. ಪೊನ್ನಂಪೇಟೆಯ ಸರ್ಕಾರಿ ಕಚೇರಿಯೊಂದರ ಗುಮಾಸ್ತನಿಗೆ ಕೂರುವುದು ಬಿಟ್ಟು ಬೇರೆ ಕೆಲಸವೇನಿದೆ? ರಜೆಯೆಲ್ಲ ಕ್ವಾರಂಟೈನಿನಲ್ಲೇ ಮುಗಿದಿತ್ತು.

"ಆಫೀಸಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿ. ನಾಚಿಕೆ ಎಂಥದ್ದು?" ಎಂದಳು ಹೆಂಡತಿ ನೀಲಾವತಿ.

"ಬೆಳಿಗ್ಗೆ ಹೇಳಿದ್ರೆ ಮಧ್ಯಾಹ್ನಕ್ಕೆ ಸುದ್ದಿ ಗೋಣಿಕೊಪ್ಪ ಪೇಟೆಗೆ ತಲುಪ್ತದೆ," ಎಂದು ಅವನು ಬಸ್ಸು ಹತ್ತಿದ. ಬಸ್ಸಿನಲ್ಲೂ ನಿಂತ.

ಕೌಂಟರಿನಲ್ಲಿ ನಿಂತೇ ಅರ್ಜಿ ತೆಗೆದುಕೊಳ್ಳತೊಡಗಿದ. ಹತ್ತು ನಿಮಿಷ ನೋಡಿ ಪಕ್ಕದ ಮೇಜಿನ ವಿನುತಾಗೆ ತಡೆಯಲಾಗಲಿಲ್ಲ.

"ಕೂತ್ಕೊಳ್ಳಿ ಮಾರಾಯ್ರೆ. ನೋಡಿ ನೋಡಿ ನಂಗೆ ಕಾಲು ನೋಯ್ತಾ ಉಂಟು."

"ಸ್ವಲ್ಪ ಬೆನ್ನುನೋವು."

"ಹಾಗಾದ್ರೆ ಕೂರ್ಬೇಕಲ್ವಾ?"

ಅಟೆಂಡರ್ ಲಿಂಗ ಕುರ್ಚಿ ಎಳೆದು ತಂದು, ಪ್ರೀತಿಯಿಂದ ಭುಜ ಒತ್ತಿ ಕೂರಿಸಿಯೇಬಿಟ್ಟ. ಕಾದ ಕಾವಲಿಯ ಮೇಲೆ ಬಿದ್ದ ನೀರಿನ ಹನಿಯಂತೆ ತೀರ್ಥಪ್ರಸಾದ ಎಗರಿ ನಿಂತ.

"ಬಿಡಿ ಮೇಡಂ, ಇದು ಹರಕೆ," ಎಂದ ಲಿಂಗ ಗಂಭೀರವಾಗಿ. ಹನ್ನೊಂದು ಗಂಟೆಯ ಚಹಾದ ಹೊತ್ತಿಗೆ ಹರಕೆ ಯಾವ ದೇವರಿಗೆ ಎಂಬುದರಲ್ಲಷ್ಟೇ ಕಚೇರಿಯಲ್ಲಿ ಭಿನ್ನಾಭಿಪ್ರಾಯ ಉಳಿದಿತ್ತು.

ಅಷ್ಟರಲ್ಲಿ ಸಾಲಿನಲ್ಲಿದ್ದ ಮುದುಕ ಮಲ್ಲಪ್ಪ ಮುಂದೆ ಬಂದ. "ನಾವು ನಿಂತಿದೀವಿ ಅಂತ ನೀವೂ ನಿಂತಿದ್ದೀರಾ ಸ್ವಾಮಿ?"

ನಿಜ ಹೇಳುವುದಕ್ಕಿಂತ ತಲೆಯಾಡಿಸುವುದು ಸುಲಭವಾಗಿತ್ತು. ಮಲ್ಲಪ್ಪ ಎರಡೂ ಕೈ ಮುಗಿದ. ಹಿಂದಿದ್ದವರೂ ಮುಗಿದರು.

ಜಿಲ್ಲಾ ಅಧಿಕಾರಿ ನಿರಂಜನ್ ತಪಾಸಣೆಗೆಂದು ಒಳಗೆ ಬಂದದ್ದು ಆಗಲೇ. "ಕುರ್ಚಿ ಇದ್ದೂ ಯಾಕ್ರೀ ನಿಂತಿದ್ದೀರಿ?"

ತೀರ್ಥಪ್ರಸಾದ ಬಾಯಿ ತೆರೆಯುವ ಮೊದಲೇ ಮಲ್ಲಪ್ಪ ವಿವರಿಸಿದ. ಅಧಿಕಾರಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ನಾಳೆಯಿಂದ ಕೌಂಟರಲ್ಲಿ ಎಲ್ರೂ ನಿಂತೇ ಕೆಲಸ ಮಾಡಿ."

ವಿನುತಾಳ ನೋಟಕ್ಕೆ ಹಸಿ ಕಟ್ಟಿಗೆಯೂ ಹೊತ್ತಿಕೊಳ್ಳುತ್ತಿತ್ತು. ಆದರೆ ತೀರ್ಥಪ್ರಸಾದನಿಗೆ ತಿಂಗಳ ಮೇಲೆ ಮೊದಲ ಸಲ ಹಾಯೆನಿಸಿತು. ಎಲ್ಲರೂ ನಿಂತರೆ ತನ್ನೊಬ್ಬನನ್ನು ಕೇಳುವವರು ಯಾರು? ಡಾಕ್ಟರು ಹೇಳಿದ ಒಂದು ವಾರ ಆರಾಮಾಗಿ ಕಳೆಯುತ್ತದೆ. ಮಧ್ಯಾಹ್ನ ಬಸಳೆ ಸೊಪ್ಪಿನ ಸಾರು ಅನ್ನವನ್ನು ಕಿಟಕಿ ಬಳಿ ನಿಂತೇ, ಸವಿದು ಉಂಡ.

ಹೊರಡುವಾಗ ನಿರಂಜನ್ ಅವನ ಬೆನ್ನು ತಟ್ಟಿದರು. "ನಿಮ್ಮಂಥವರು ಕೌಂಟರಲ್ಲಿ ಕೊಳೀಬಾರ್ದು. ಒಂದು ವಾರ ನನ್ನ ಜೊತೆ ಬನ್ನಿ, ಜಿಲ್ಲೆಯ ಹಳ್ಳಿಗಳನ್ನೆಲ್ಲ ಸುತ್ತೋಣ. ನಾಳೆ ಕಕ್ಕಬೆ. ರಸ್ತೆ ಸ್ವಲ್ಪ ಹಾಳಾಗಿದೆ, ಆದ್ರೆ ನಿಮಗೆ ನಿಂತು ನಿಂತು ಸಾಕಾಗಿರ್ಬೇಕು. ಇಡೀ ದಿನ ಜೀಪಲ್ಲಿ ಆರಾಮಾಗಿ ಕೂತ್ಕೊಂಡೇ ಬರಬಹುದು."