ಏಳು ಗಂಟೆಯ ನೆತ್ತಿ

ಸೋಮವಾರ ಸಂಜೆ ಏಳು ದಾಟಿತ್ತು. ಧಾರಾವಾಹಿಯ ಸೊಸೆ ವಿಷದ ಲೋಟವನ್ನು ಬಾಯಿಗೆ ಇಟ್ಟಳೋ ಇಲ್ಲವೋ, ತಿಳವಳ್ಳಿಯ ಅಷ್ಟೂ ಟಿವಿಗಳಲ್ಲಿ ಒಂದು ನೆತ್ತಿ ಕಾಣಿಸಿಕೊಂಡಿತು. ಮುಖವಿಲ್ಲ, ಹಿಂದಲೆ ಮಾತ್ರ. ನಡುವೆ ಅಂಗೈಯಗಲದ ಬೋಳು, ಸಾರಿಸಿದ ಅಂಗಳದಂತೆ ನುಣ್ಣಗೆ. ಎಲ್ಲಿಂದಲೋ ಒಂದು ಬೆರಳು ಬಂದು ಅದನ್ನು ಸಾವಕಾಶ ಕೆರೆದು ಹೋಯಿತು.

ಕೇಬಲ್ ನಡೆಸುವ ಮೃತ್ಯುಂಜಯನ ಫೋನು ಹೊಡೆದುಕೊಂಡಿತು. ಅವನು ಧಡಕ್ಕನೆ ಎದ್ದು ನಿಂತ.

"ಏನ ಹಚ್ಚೀಯೋ ಇದನ್ನ?" ಅಂದಳು ಮೂಲಿಮನೆ ಸರೋಜವ್ವ. "ಹಾಂ, ಈಗ ಹೋತು. ಅಷ್ಟರಾಗ ಲೋಟ ಯಾರ ಕುಡದ್ರೋ ಏನೋ."

ಮಂಗಳವಾರವೂ ಬಂತು, ಬುಧವಾರವೂ ಬಂತು. ಮೃತ್ಯುಂಜಯನಿಗೆ ಮಾತ್ರ ಅದು ಟಿವಿಯಲ್ಲಿ ಒಮ್ಮೆಯೂ ಕಾಣಲಿಲ್ಲ. ಅವನು ಎದ್ದು ಎದುರಿನ ಚಹಾದಂಗಡಿಯ ಟಿವಿಗೆ ಓಡುವಷ್ಟರಲ್ಲಿ ಮಾಯವಾಗಿರುತ್ತಿತ್ತು. ಕಾಲೇಜಿನ ಅಂಕಿತಾ ಅದನ್ನು ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಏರಿಸಿದ್ದೇ ತಡ, ಶಿಗ್ಗಾವಿಯವರೆಗೂ ಅದೇ ಮಾತು. ಉಪಗ್ರಹ ಕೆಟ್ಟಿದೆ ಎಂದರು ಕೆಲವರು, ಸತ್ತವರ ತಲೆ ಎಂದರು ಇನ್ನು ಕೆಲವರು.

ಗುರುವಾರ ಬೆಳಿಗ್ಗೆ ಸವಣೂರಿನಿಂದ ಅಲ್ತಾಫ ಬಂದಿಳಿದ. ಬಗೆಹರಿಯದ ಪ್ರಸಾರಗಳ ಗುಟ್ಟು ಪತ್ತೆಹಚ್ಚುವ ಯೂಟ್ಯೂಬ್ ಚಾನೆಲ್ ಅವನದು. ಕೋಲಿಗೆ ಸಿಕ್ಕಿಸಿದ ಮೊಬೈಲನ್ನು ಮೃತ್ಯುಂಜಯನ ಮೂಗಿನ ಮುಂದೆ ಹಿಡಿದು ಕೇಳಿದ:

"ಯಾರೋ ನಿಮ್ಮ ಲೈನಿನ್ಯಾಗ ನುಗ್ಗಾಕತ್ತಾರ. ನಿಮಗ ವೈರಿ ಯಾರರ ಅದಾರೇನ್ರಿ?"

"ನೂರಾ ಎಂಬತ್ತ ಮನಿ ಕನೆಕ್ಷನ್ ಐತಿ," ಎಂದು ಮೃತ್ಯುಂಜಯ ಗುರುಗುಟ್ಟಿದ. "ಅಷ್ಟೂ ಮಂದಿ ವೈರಿನ."

"ಹಂಗಾರ ತಲಿ ಹುಡಕೂಣು ಬರ್ರಿ."

ಇಬ್ಬರೂ ಊರಿನ ತಲೆಗಳ ಬೆನ್ನುಹತ್ತಿದರು. ಬಸ್‌ಸ್ಟ್ಯಾಂಡಿನಲ್ಲಿ ಹಾನಗಲ್ಲಿನ ಬಸ್ಸು ಹತ್ತುತ್ತಿದ್ದ ಹುಚ್ಚಪ್ಪನ ರುಮಾಲನ್ನು ಮೃತ್ಯುಂಜಯ ಹಿಂದಿನಿಂದ ಎಳೆದ. ರುಮಾಲು ಬಿಚ್ಚಿಕೊಂಡು ಹೋಯಿತು, ಬಸ್ಸೂ ಹೋಯಿತು. ಒಳಗಿದ್ದದ್ದು ಪೊದೆಯಂಥ ಕೂದಲು. ಹುಚ್ಚಪ್ಪ ಊರ ಅಗಸಿ ಬಾಗಿಲವರೆಗೂ ಬೈಯುತ್ತ ಅಟ್ಟಿಸಿಕೊಂಡು ಬಂದ. ಗುಡಿಯಲ್ಲಿ ಅಡ್ಡಬಿದ್ದವರ ನೆತ್ತಿಯನ್ನು ಒಂದೊಂದಾಗಿ ಬಗ್ಗಿ ನೋಡುತ್ತಿದ್ದಾಗ, ಪೂಜಾರಿ ಒಡೆಯಬೇಕಿದ್ದ ಕಾಯಿಯನ್ನು ಎತ್ತಿಕೊಂಡೇ ಬಂದರು.

ಸಂಜೆಯ ಹೊತ್ತಿಗೆ ಕೇಬಲ್ ಕೋಣೆಯ ಮುಂದೆ ಅರ್ಧ ಊರು ಸೇರಿತ್ತು.

"ಇವತ್ತ ಆ ತಲಿ ಬಂತಂದ್ರ ನಾವೆಲ್ಲಾ ಡಿಶ್ ಹಾಕಸ್ತೇವಿ," ಅಂದಳು ಸರೋಜವ್ವ. "ನೀನು ನಿನ್ನ ವೈರು ಸುತಗೊಂಡು ಮನೀಗೆ ಹೋಗು."

ಹನ್ನೆರಡು ವರ್ಷ ಕಂಬ ಹತ್ತಿ ಇಳಿದು ಕಟ್ಟಿದ ಕಸುಬು. ಮೃತ್ಯುಂಜಯನ ಕಿವಿಗಳು ಕೆಂಪಾದವು. ಅಷ್ಟರಲ್ಲಿ ಕ್ಷೌರದ ಯಲ್ಲಪ್ಪ ಅಲ್ತಾಫನ ಮೊಬೈಲಿನಲ್ಲಿ ವಿಡಿಯೊ ನೋಡಿ, ಕಣ್ಣೊರೆಸಿಕೊಂಡು ಮತ್ತೊಮ್ಮೆ ನೋಡಿದ.

"ಈ ತಲಿ ನನಗ ಗೊತ್ತೈತ್ರಿ. ಎಡಕ್ಕ ಸುಳಿ, ಬಲಕ್ಕ ನರೂಲಿ."

ಮೃತ್ಯುಂಜಯ ಅವನ ತೋಳು ಹಿಡಿದ. "ಯಾರದು ಹೇಳು."

"ಒಳಗ ಬರ್ರಿ, ಹೇಳ್ತೇನಿ."

"ನಾಕ ದಿನಾತು, ಎಲ್ಲಾರ ಮುಂದ ಬೈಸ್ಕೊಳ್ಳಾಕತ್ತೇನಿ. ಎಲ್ಲಾರ ಮುಂದನ ಹೇಳು."

ಯಲ್ಲಪ್ಪ ನೆಲ ನೋಡಿದ. "ನಿಮ್ದ್ರಿ."

ಮೃತ್ಯುಂಜಯನ ದನಿ ಏರಿತು. "ನನ್ನ ತಲಿ ಹಂಗೆಲ್ಲೈತೋ, ಮಂಗ್ಯಾ?"

"ನೀವರ ಯಾವಾಗ ನೋಡೀರಿ? ಹೊರಗ ಬಂದ್ರ ಟೊಪಿಗಿ. ಅದನ್ನ ತಗದಾಗ ನೋಡಾಂವ ನಾ ಒಬ್ಬನ."

ಮೃತ್ಯುಂಜಯ ಸಿಟ್ಟಿನಲ್ಲಿ ಒಳಗೆ ಹೋಗಿ, ಟೊಪಿಗೆ ಬಿಸಾಕಿ, ಕುರ್ಚಿಯಲ್ಲಿ ಕುಕ್ಕರಿಸಿ ಹಿಂದಕ್ಕೆ ಒರಗಿದ. ಎದುರಿನ ಚಹಾದಂಗಡಿಯ ಟಿವಿಯ ಮುಂದಿದ್ದವರು "ಬಂತು" ಎಂದು ಕೂಗಿದರು. ಅವನು ಎದ್ದ. "ಹೋತು" ಎಂದರು. ಕೂತ. "ಬಂತು."

ಗುಟ್ಟು ಬಿಚ್ಚಿಕೊಂಡಿತು. ಕಳೆದುಹೋದ ದನ, ಸಭೆಯ ಸುದ್ದಿ ಇತ್ಯಾದಿ ಊರಿಗೆಲ್ಲ ಹೇಳಲೆಂದು ಹಿಂದಿನ ಹಲಗೆಯ ಮೇಲೆ ಭಾನುವಾರವಷ್ಟೇ ಅವನೇ ಒಂದು ಕ್ಯಾಮೆರಾ ಕೂರಿಸಿದ್ದ. ದಿನಾ ಏಳಕ್ಕೆ ಅವನು ಟೊಪಿಗೆ ತೆಗೆದು ಒರಗಿದಾಗ, ಅದನ್ನು ಊರಿನ ಲೈನಿಗೆ ಹಚ್ಚುವ ಗುಂಡಿ ಕುರ್ಚಿಯ ಬೆನ್ನಿಗೆ ತಾಗಿ ಒತ್ತಿಕೊಳ್ಳುತ್ತಿತ್ತು. ಅವನ ಮುಂದಿನ ಸಣ್ಣ ಟಿವಿಗೆ ನೇರ ಡಿಶ್ಶಿನ ವೈರು. ಊರಿಗೆ ಕಂಡದ್ದು ಅವನಿಗೆ ಕಾಣುವಂತಿರಲಿಲ್ಲ.

ಅಲ್ತಾಫ ಅಷ್ಟನ್ನೂ ಹಿಡಿದುಕೊಂಡು, ಕೈಮುಗಿದು, ಸವಣೂರಿನ ಬಸ್ಸು ಹತ್ತಿದ.

ಶುಕ್ರವಾರ ಮೃತ್ಯುಂಜಯ ಕ್ಯಾಮೆರಾ ಬಿಚ್ಚಿದ, ಗುಂಡಿ ಕಿತ್ತ, ಸ್ಕ್ರೂಗಳನ್ನು ಸಿಟ್ಟಿನಿಂದ ಮೂಲೆಗೆ ಎಸೆದ. ಏಳು ಗಂಟೆಗೆ ಧಾರಾವಾಹಿ ಒಂದು ಅಡ್ಡಿಯೂ ಇಲ್ಲದೆ ಓಡಿತು. ಹಾಯಾಗಿ ಒರಗಿ ಕೂತ. ಫೋನು ಹೊಡೆದುಕೊಂಡಿತು.

"ತಲಿ ಯಾಕ ಬಂದಿಲ್ಲೋ?" ಸರೋಜವ್ವನ ದನಿ.

"ಬಿಚ್ಚಿ ಒಗದೇನಿ ಬೇ. ನೀ ಧಾರಾವಾಹಿ ನೋಡು."

"ಅದನ್ನ ನಾಳಿ ಮುಂಜಾನಿ ಮತ್ತ ಹಾಕ್ತಾರ. ಹಿರೇಕೆರೂರಿಂದ ನಮ್ಮ ಬೀಗರು ಬಂದ ಕುಂತಾರ, ನಿನ್ನ ತಲಿ ನೋಡಾಕಂತನ. ಹತ್ತ ನಿಮಿಷದಾಗ ಹಚ್ಚಲಿಲ್ಲಂದ್ರ ನಿನ್ನ ವೈರು ಕಿತ್ತು ಬೀದಿಗೆ ಒಗೀತೇನಿ."

ಮೃತ್ಯುಂಜಯ ಫೋನನ್ನು ಮೇಜಿಗೆ ಕುಕ್ಕಿದ. ಅದು ಕೂಡಲೇ ಮತ್ತೆ ಹೊಡೆದುಕೊಂಡಿತು. ಈ ಸಲ ಹುಚ್ಚಪ್ಪ; ಅವನದೂ ಅದೇ ತಕರಾರು. ಮೂರನೆಯದನ್ನು ಅವನು ಎತ್ತಲಿಲ್ಲ. ಹಲ್ಲು ಕಡಿಯುತ್ತ ಮೂಲೆಯಲ್ಲಿ ಮಂಡಿಯೂರಿ, ಟಾರ್ಚು ಹಿಡಿದು ಸ್ಕ್ರೂಗಳನ್ನು ಹುಡುಕತೊಡಗಿದ.