ಡಬಲ್ ರೊಟ್ಟಿಯ ಬಟ್ಟಲು

ಮದುವೆಯಾದ ಒಂಬತ್ತನೆಯ ದಿನ ಮರುಳಪ್ಪ ತನ್ನ ಹೆಂಡತಿ ಗುರುಬಸಮ್ಮನಿಗೆ ಒಂದು ಮಾತು ಕೊಟ್ಟ.

"ನಿನಗ ಒಂದಿನ ಡಬಲ್ ರೊಟ್ಟಿ ಬಟ್ಟಲದಾಗ ಆಲೂಗಡ್ಡಿ ಸೂಪು ಕುಡಸ್ತೀನಿ. ಸೂಪು ಕುಡದು, ಆಮ್ಯಾಲ ಬಟ್ಟಲಾನೂ ತಿಂದುಬಿಡಬೇಕು."

ಸೂಪೆಂದರೆ ಏನೆಂದು ಹದಿನಾರು ವರ್ಷದ ಗುರುಬಸಮ್ಮನಿಗೆ ಗೊತ್ತಿರಲಿಲ್ಲ. ಬಟ್ಟಲು ತಿನ್ನುವ ಗಂಡ ಸಿಕ್ಕಿದ್ದಾನೆಂದು ತವರಿಗೆ ಹೇಳಿ ಕಳಿಸಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿ ಸುಮ್ಮನಾದಳು.

ಮರುಳಪ್ಪ ಕಂಡದ್ದನ್ನೇ ಹೇಳಿದ್ದ. ಮದುವೆಗೆ ಮೊದಲು ಅವನು ಭೈರವಾನಿತಿಪ್ಪದ ಹತ್ತಿರ, ಹಗರಿ ಹೊಳೆಯ ದಂಡೆಯಲ್ಲಿ ಡೇರೆ ಹಾಕಿದ್ದ ಒಬ್ಬ ಸರ್ವೆ ದೊರೆಯ ಕೈಕೆಳಗೆ ನೆಲ ಅಳೆಯುವ ಸರಪಳಿ ಹಿಡಿಯುವ ಕೆಲಸ ಮಾಡಿದ್ದ. ಒಂದು ಸಂಜೆ ಪಿಂಗಾಣಿ ತಟ್ಟೆಗಳಿದ್ದ ಗಾಡಿ ಹೊಳೆ ದಾಟುವಾಗ ಮಗುಚಿಕೊಂಡಿತು. ದೊರೆಯ ಬಟ್ಲರ್ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಗುಂಡನೆಯ ಡಬಲ್ ರೊಟ್ಟಿಗಳ, ಅಂದರೆ ಬ್ರೆಡ್ಡುಗಳ, ನೆತ್ತಿ ಕೊಯ್ದು, ಒಳಗಿನ ತಿರುಳು ತೆಗೆದು, ಬಿಸಿ ಸೂಪು ಹೊಯ್ದು ಕೊಟ್ಟ. ದೊರೆ ಹೊಳೆಯ ಕಡೆ ಮುಖ ಮಾಡಿ ಕೂತು ಸೂಪು ಕುಡಿದ. ಆಮೇಲೆ ಬಟ್ಟಲನ್ನು ಮುರಿದು ಮುರಿದು ತಿಂದ. ಇಳಿಬಿಸಿಲಿಗೆ ನೀರು ಅರಿಶಿನ ಕಲಸಿದಂತಿತ್ತು. ಸೂಪಿನ ಉಗಿ ನೀರಿನ ಮೇಲೆ ತೇಲಿಹೋಗುವುದನ್ನು ನೋಡುತ್ತ ನಿಂತ ಮರುಳಪ್ಪನ ತಲೆಯೊಳಗೆ ಅದರ ಒಂದೆಳೆ ಹೊಕ್ಕಿತು. ಹೊಕ್ಕದ್ದು ಮತ್ತೆ ಹೊರಗೆ ಬರಲಿಲ್ಲ.

ಇಪ್ಪತ್ತೆರಡು ವರ್ಷ ಆಯಿತು. ಮರುಳಪ್ಪ ರಾಯದುರ್ಗದ ಶೇಂಗಾ ಮಂಡಿಯಲ್ಲಿ ತೂಕದವನಾದ. ಮೂರು ಮಕ್ಕಳಾದರು, ಅವರ ಕೆಮ್ಮು, ನೆಗಡಿ, ಹರಿದ ಅಂಗಿಗಳ ನಡುವೆ ಸೂಪು ಹಿಂದೆ ಹಿಂದೆ ಸರಿಯಿತು. ಆದರೆ ಗುರುಬಸಮ್ಮ ಮರೆಯಲಿಲ್ಲ. ಆ ಮನೆಯಲ್ಲಿ ಆಗದ ಹೋಗದ ಕೆಲಸಕ್ಕೆಲ್ಲ 'ಡಬಲ್ ರೊಟ್ಟಿ ಬಟ್ಟಲು' ಎಂಬ ಹೆಸರು ನಿಂತುಹೋಯಿತು.

"ಈ ಸಲ ಮಾಳಿಗಿ ರಿಪೇರಿ ಮಾಡಸೇ ಬಿಡ್ತೀನಿ," ಎಂದು ಅವನು ಅಂದರೆ, "ಆತ್ರಿ, ಅಲ್ಲೀತನಕ ಸೋರೋ ಕಡೆ ಡಬಲ್ ರೊಟ್ಟಿ ಬಟ್ಟಲಾ ಇಡ್ತೀನಿ," ಎನ್ನುವಳು. ಮಕ್ಕಳೂ ಕಲಿತುಬಿಟ್ಟಿದ್ದರು.

ಇಷ್ಟೇ ಆಗಿದ್ದರೆ ಮರುಳಪ್ಪ ಇನ್ನೂ ಇಪ್ಪತ್ತು ವರ್ಷ ತಡೆದುಕೊಳ್ಳುತ್ತಿದ್ದ. ಆದರೆ ಕಳೆದ ತಿಂಗಳು ದೊಡ್ಡ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಕೊಡುವ ಬಿಡುವ ಮಾತೆಲ್ಲ ಮುಗಿದಾಗ ಮರುಳಪ್ಪ ಎದೆ ಸೆಟೆಸಿ, "ನಾನು ಒಮ್ಮೆ ಮಾತು ಕೊಟ್ಟೆ ಅಂದ್ರ ಮುಗೀತ್ರಿ," ಎಂದ. ಅಡುಗೆಮನೆಯ ಕದದ ಹಿಂದಿನಿಂದ ಕಿಸಕ್ಕೆಂದು ಒಂದು ನಗು ಬಂತು. ಅದರ ಹಿಂದೆ ಸಣ್ಣ ನಗುಗಳು ಮೂರು. ಬೀಗರಾಗಬೇಕಾದವರು ಮುಖ ಮುಖ ನೋಡಿಕೊಂಡು, "ಅಮಾಸಿ ಕಳದ ಮ್ಯಾಲ ಬಂದು ಹೇಳ್ತೀವ್ರಿ," ಎಂದು ಎದ್ದರು.

ಸ್ವಂತ ಮನೆಯಲ್ಲೇ ತೂಕವಿಲ್ಲದ ಮಾತನ್ನು ಬೀಗರು ಹೇಗೆ ನಂಬಿಯಾರು? ಅವರು ತಿರುಗಿ ಬರುವುದರೊಳಗೆ ಆ ಹಳೆಯ ಮಾತನ್ನು ನಡೆಸಿಬಿಡಬೇಕೆಂದು ಮರುಳಪ್ಪ ನಿಶ್ಚಯಿಸಿದ. ಅಮಾವಾಸ್ಯೆಗೆ ಮಂಡಿಗೆ ರಜ. ಮಕ್ಕಳನ್ನು ಹಿಂದಿನ ದಿನವೇ ಅಜ್ಜಿಯ ಮನೆಗೆ ಸಾಗಹಾಕಿದ. ಬಳ್ಳಾರಿಯಿಂದ ಬರುವ ಬೆಳಗಿನ ರೈಲಿನ ಗಾರ್ಡಿನ ಕೈಕಾಲು ಹಿಡಿದು, ಗುಂಡನೆಯ ನಾಲ್ಕು ಡಬಲ್ ರೊಟ್ಟಿ ತರಲು ಒಪ್ಪಿಸಿದ್ದ.

ಅಮಾವಾಸ್ಯೆಯ ಬೆಳಿಗ್ಗೆ ಸ್ಟೇಷನ್ನಿಗೆ ಹೊರಟ ಮರುಳಪ್ಪನಿಗೆ ಊರೇ ಹೊಸದಾಗಿ ಕಂಡಿತು. ಮಾರ್ಗಶಿರದ ಚಳಿಗೆ ಮೈ ಸಣ್ಣಗೆ ಜುಮ್ಮೆನ್ನುತ್ತಿತ್ತು. ಮಂಜಿನಲ್ಲಿ ಕೋಟೆಯ ಗುಡ್ಡ, ಕೆರೆಯಲ್ಲಿ ಮಲಗಿದ ಎಮ್ಮೆಯಂತೆ, ಮೆಲ್ಲಗೆ ಈಜುತ್ತಿತ್ತು. ಕಾಲು ನೆಲಕ್ಕೆ ತಾಕುತ್ತಿದೆಯೋ ಇಲ್ಲವೋ ಎಂಬಷ್ಟು ಹಗುರ. ರೈಲು ಬಂದು ನಿಂತು ಬಿಟ್ಟ ಹೊಗೆ ಬೆಳ್ಳಗೆ ಅರಳಿ ಅರಳಿ ಮೇಲೇರಿತು. ಗಾರ್ಡು ಕೈಗಿತ್ತ ಕಾಗದದ ಪೊಟ್ಟಣ ಆ ಹೊಗೆಯಲ್ಲೇ ಒಂದು ಹಿಡಿ ಕಟ್ಟಿಕೊಟ್ಟಂತಿತ್ತು.

ದಾರಿಯಲ್ಲಿ ಕಾಗದ ಹರಿಯಿತು. ನಾಲ್ಕು ರೊಟ್ಟಿಗಳೂ ಇಣುಕಿದವು. ತೊಂದರೆ ಶುರುವಾದದ್ದು ಅಲ್ಲಿಂದ.

ಆ ಕಾಲದ ರಾಯದುರ್ಗದಲ್ಲಿ ಡಬಲ್ ರೊಟ್ಟಿಗೆ ಒಂದೇ ಅರ್ಥ: ಮನೆಯಲ್ಲಿ ಜ್ವರ. ಹಿಟ್ಟು ಉಬ್ಬಲು ಅದಕ್ಕೆ ಹೆಂಡ ಹಾಕುತ್ತಾರೆಂದು ಜನರ ಮಾತು. ಹಾಗಾಗಿ ಗಟ್ಟಿಯಾಗಿರುವವರು ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಜಡ್ಡಿಗೆ ಬಿದ್ದವರಿಗೆ ಮಾತ್ರ, ಔಷಧಕ್ಕೆ ದೋಷವಿಲ್ಲವೆಂದು ಹಾಲಿನಲ್ಲಿ ನೆನೆಸಿ ಕೊಡುತ್ತಿದ್ದರು. ಒಂದು ರೊಟ್ಟಿ ಕಂಡರೆ ಸಾದಾ ಜ್ವರ. ಎರಡು ಕಂಡರೆ ವಿಷಮಶೀತ. ನಾಲ್ಕನ್ನು ಒಟ್ಟಿಗೆ ಆ ಬೀದಿಯವರು ಅದುವರೆಗೆ ಕಂಡಿರಲಿಲ್ಲ.

ಬಟ್ಟೆ ಅಂಗಡಿಯ ಸಣ್ಣಬಸಪ್ಪ ತನ್ನ ಜಗಲಿಯಿಂದ ಅರ್ಧ ಎದ್ದ.

"ಏನ್ರಿ ಮರುಳಪ್ಪ, ಯಾರಿಗ್ರಿ ಅದು?"

"ಮನ್ಯಾಕಿಗ್ರಿ," ಎಂದ ಮರುಳಪ್ಪ ಗುಡ್ಡದ ಕಡೆ ನೋಡುತ್ತ.

"ಶಿವ ಶಿವಾ! ನಾಕೂ?"

"ನಾಕಾದ್ರೂ ಸಾಲ್ತಾವೋ ಇಲ್ಲೋ."

"ಯಾವಾಗಿಂದ್ರಿ ಇದು?"

"ಇಪ್ಪತ್ತೆರಡು ವರ್ಷ ಆತ್ರಿ," ಎಂದು ಮರುಳಪ್ಪ ಕನಸಿನಲ್ಲಿ ಮಾತಾಡಿದಂತೆ ಹೇಳಿದ. "ಪಾಪ, ಒಳಗ ಇಟಗೊಂಡು ಕುಂತಾಳ. ಇವತ್ತು ಒಂದು ಕಡೆ ಮಾಡಿಬಿಡ್ತೀನ್ರಿ."

ಸಣ್ಣಬಸಪ್ಪ ಪೂರ್ತಿ ಎದ್ದು ನಿಂತ. ಮರುಳಪ್ಪ ಮಾತ್ರ ನಗುಮುಖದಲ್ಲಿ, ಎದೆಗೆ ರೊಟ್ಟಿ ಅವುಚಿಕೊಂಡು, ತೇಲುತ್ತ ಮುಂದೆ ಹೋದ.

ಮನೆಗೆ ಬಂದವನೇ ಹೆಂಡತಿಯನ್ನು ಹೊರಸಿನ ಮೇಲೆ ಕೂರಿಸಿದ. ಚಳಿಯೆಂದು ಕಂಬಳಿ ಹೊದಿಸಿದ.

"ಇವತ್ತು ನೀ ಏಳಂಗಿಲ್ಲ. ಕಡ್ಡಿ ಸೈತ ಎತ್ತಂಗಿಲ್ಲ."

"ಏನ್ರಿ ಇದು? ಜನ ನೋಡಿದ್ರ ಏನಂದಾರು?" ಎಂದಳು ಗುರುಬಸಮ್ಮ. ಆದರೆ ರೊಟ್ಟಿಗಳು ಅವಳ ಕಣ್ಣಿಗೆ ಬಿದ್ದಿದ್ದವು. ಬಾಯಿಗೆ ಬಂದಿದ್ದ ಹಾಸ್ಯ ಅಲ್ಲೇ ನಿಂತಿತು. ಮೆತ್ತಗೆ, "ಖರೇನ ಮಾಡ್ತೀರೇನು?" ಎಂದು ಕೇಳಿದಳು.

"ನೋಡ್ತಿರು."

ಆಲೂಗಡ್ಡೆ ಬೇಯಿಸಿ ಸಿಪ್ಪೆ ತೆಗೆದ. ಅರ್ಧವನ್ನು ಕಿವುಚಿ, ಅರ್ಧವನ್ನು ಹಲ್ಲಿಗೆ ಸಿಗುವಂತೆ ಹೋಳಾಗಿಯೇ ಬಿಟ್ಟ. ಬೆಣ್ಣೆಯಲ್ಲಿ ಉಳ್ಳಾಗಡ್ಡೆ ಹುರಿದ. ಅದಕ್ಕೆ ಹಾಲು, ಉಪ್ಪು, ಮೆಣಸಿನಪುಡಿ. ಸೌಟು ನೆಟ್ಟರೆ ಬೀಳದಷ್ಟು ಗಟ್ಟಿಯಾಗಬೇಕೆಂದು ಬಟ್ಲರ್ ಹೇಳಿದ್ದ. ಸೌಟು ನೆಟ್ಟ, ನಿಂತಿತು. ರೊಟ್ಟಿಯ ನೆತ್ತಿ ಕೊಯ್ದು, ತಿರುಳು ತೆಗೆದು, ಸೋರದಂತೆ ಒಳಮೈಗೆ ತುಪ್ಪ ಸವರಿ ಕೆಂಡದ ಪಕ್ಕ ಇಟ್ಟ. ಒಲೆಯ ಬಿಸಿ ಎಷ್ಟು ಹಿತವಾಗಿತ್ತೆಂದರೆ ಎದ್ದು ಹೋಗಲು ಮನಸ್ಸೇ ಬರಲಿಲ್ಲ. ಉಗಿಯಲ್ಲಿ ಹಗರಿಯ ಹೊಳೆ ಕಂಡಿತು. ದಂಡೆಯಲ್ಲಿ ದೊರೆಯ ಕುರ್ಚಿ ಕಂಡಿತು. ಅದರಲ್ಲಿ ಕಾಲಮೇಲೆ ಕಾಲು ಹಾಕಿಕೊಂಡು ಗುರುಬಸಮ್ಮ ಕೂತಿದ್ದಳು.

"ಯವ್ವಾ! ನಡುಮಧ್ಯಾಹ್ನ ಕಂಬಳಿ ಹೊದ್ದಾಳಲ್ಲೋ!"

ಇದು ಹಗರಿಯ ದಂಡೆಯಿಂದ ಬಂದ ದನಿಯಲ್ಲ. ಪಕ್ಕದ ಮನೆಯ ಸುಂಕಮ್ಮ, ಸೆರಗಿನಲ್ಲಿ ಬೇವಿನ ಸೊಪ್ಪು, ಕೈಯಲ್ಲಿ ವಿಭೂತಿ ಹಿಡಿದು ಒಳಗೆ ಬಂದಿದ್ದಳು. ಹಿಂದೆಯೇ ಬೀದಿಯ ಏಳೆಂಟು ಮಂದಿ.

"ನನಗೇನಾಗೇತಕ್ಕ? ಸುಮ್ನ ಕುಂತೀನಿ," ಎಂದಳು ಗುರುಬಸಮ್ಮ.

"ಹಂಗ ಅನ್ನಬೇಕವ್ವ, ಧೈರ್ಯ ಇರಬೇಕು. ಇಪ್ಪತ್ತೆರಡು ವರ್ಷ ಪಕ್ಕದ ಮನಿಯಾಕಿಗೆ ಒಂದು ಮಾತು ಹೇಳಲಿಲ್ಲಲ್ಲ ನೀನು! ಅದೂ ಅಮಾಸಿ ದಿನ ಏರೇತಿ." ಸುಂಕಮ್ಮ ಕಣ್ಣೊರೆಸಿಕೊಂಡಳು.

ಗುರುಬಸಮ್ಮನಿಗೆ ತಡೆಯಲಾರದೆ ನಗು ಬಂತು.

"ನಗಾಕತ್ಯಾಳ!" ಎಂದು ಸುಂಕಮ್ಮ ಹಿಂದೆ ತಿರುಗಿ ಪಿಸುಗುಟ್ಟಿದಳು. "ಜ್ವರ ತಲಿಗೇರೇತಿ. ಹಿಡೀರಿ ಕಾಲು."

ಇಬ್ಬರು ಕಾಲು ಹಿಡಿದರು. ಒಬ್ಬರು ಹಣೆಗೆ ವಿಭೂತಿ ಬಳಿದರು. ಗುರುಬಸಮ್ಮ ಬಿಡಿಸಿಕೊಳ್ಳಲು ಒದ್ದಾಡಿದಳು. ಒದ್ದಾಡಿದಷ್ಟೂ ಜ್ವರ ಖಚಿತವಾಯಿತು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಮರುಳಪ್ಪ, ಎರಡೂ ಅಂಗೈಗಳ ಮೇಲೆ ಉಗಿಯಾಡುವ ಡಬಲ್ ರೊಟ್ಟಿಯ ಬಟ್ಟಲು ಹೊತ್ತು, ಪೂಜೆಗೆ ಹೊರಟವನಂತೆ ಬಂದ.

ಸುಂಕಮ್ಮ ಬಗ್ಗಿ ನೋಡಿದಳು. "ಆಲೂಗಡ್ಡಿ! ಏನಪಾ, ಜ್ವರದಾಕಿಗೆ ಆಲೂಗಡ್ಡಿ ತಿನಸ್ತೀಯಾ? ವಾಯು ಹತ್ತಿ ಹೋಗಿಬಿಡ್ತಾಳ!"

"ಅಕಿಗೆ ಜ್ವರ ಇಲ್ಲಬೇ," ಎಂದ ಮರುಳಪ್ಪ.

ಈಗ ಸಣ್ಣಬಸಪ್ಪ ಮುಂದೆ ಬಂದ. ಡಿಸ್ಪೆನ್ಸರಿಗೆ ಆಳು ಕಳಿಸಿ ಆಗಷ್ಟೇ ಬಂದಿದ್ದ.

"ಜ್ವರ ಇಲ್ಲಾ? ಹಂಗಾರ ಡಬಲ್ ರೊಟ್ಟಿ ಯಾಕ್ರಿ? ಗಟ್ಟಿಮುಟ್ಟಾದ ಹೆಣ್ಮಗಳಿಗೆ ಹೆಂಡದ ರೊಟ್ಟಿ ತಿನಸ್ತೀರಾ? ಲಿಂಗ ಕಟ್ಟಿದ ಮನ್ಯಾಗ? ಬೀಗರ ಕಿವಿಗೆ ಬಿದ್ರ ನಿಮ್ಮ ಮಗಳ ಗತಿ ಏನ್ರಿ?"

ಮರುಳಪ್ಪ ಬಟ್ಟಲು ಹಿಡಿದು ನಿಂತೇ ಇದ್ದ. ಹೆಂಡತಿಗೆ ಜ್ವರ ಇದೆ ಎಂದರೆ ಸೂಪಿಲ್ಲ. ಜ್ವರ ಇಲ್ಲ ಎಂದರೆ ಬಟ್ಟಲಿಲ್ಲ. ಇಪ್ಪತ್ತೆರಡು ವರ್ಷದ ಮಾತು ಅವನ ಅಂಗೈ ಮೇಲೆ ಆರುತ್ತಿತ್ತು. ಅದರಿಂದ ಗುರುಬಸಮ್ಮನ ಬಾಯಿಗೆ ಇದ್ದದ್ದು ಮೂರೇ ಮಾರು. ಆ ಮೂರು ಮಾರಿನ ತುಂಬ ಬೀದಿ ನಿಂತಿತ್ತು. ಗುರುಬಸಮ್ಮ ಕಂಬಳಿಯೊಳಗಿಂದ ಅವನನ್ನೇ ನೋಡುತ್ತಿದ್ದಳು. ಈಗ ಅವಳು ನಗುತ್ತಿರಲಿಲ್ಲ.

"ಒಂದು ಗುಟುಕು ಕುಡೀಲಿ ಬಿಡ್ರಿ," ಎಂದ ಮರುಳಪ್ಪ. "ಕೈ ಮುಗೀತೀನಿ." ಆದರೆ ಬಟ್ಟಲು ಹಿಡಿದ ಕೈ ಮುಗಿಯಲು ಬರುವಂತಿರಲಿಲ್ಲ.

"ಸುಮ್ಕಿರ್ರಪ್ಪಾ ಎಲ್ಲಾರೂವೆ! ದಾರಿ ಬುಡಿ!"

ಕಾಂಪೌಂಡರ್ ಹನುಮಂತಯ್ಯ ಬಂದ. ಮಡಕಶಿರದ ಕಡೆಯವನು, ರಾಯದುರ್ಗಕ್ಕೆ ವರ್ಗವಾಗಿ ಆರು ವರ್ಷವಾದರೂ ಮಾತು ಮಾತ್ರ ತನ್ನೂರಲ್ಲೇ ಉಳಿದಿತ್ತು. ಥರ್ಮಾಮೀಟರನ್ನು ಕೊಡವಿ ಗುರುಬಸಮ್ಮನ ಬಾಯಿಗಿಟ್ಟ.

"ನಾಲ್ಗೆ ಅಡೀಕ್ ಮಡಿಕಳಮ್ಮ. ಕಡೀಬ್ಯಾಡ, ಸರ್ಕಾರದ್ದು."

ಬೀದಿಗೆ ಬೀದಿಯೇ ಹೊರಸಿನ ಮೇಲೆ ಬಗ್ಗಿತು. ಹನುಮಂತಯ್ಯ ಗಾಜಿನ ಕಡ್ಡಿಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ.

"ಈಯಮ್ಮಂಗೆ ಏನ್ ಬಂದೈತೆ? ಗುಂಡ್ಕಲ್ಲಿದ್ದಂಗವ್ಳೆ."

ಸುಂಕಮ್ಮನ ಮುಖ ಚಿಕ್ಕದಾಯಿತು. ಸಣ್ಣಬಸಪ್ಪನದು ದೊಡ್ಡದಾಯಿತು. "ಅಂದ ಮ್ಯಾಲ ಡಬಲ್ ರೊಟ್ಟಿ ಈಕಿಗಿಲ್ಲ," ಎಂದು ಅವನು ತೀರ್ಪು ಕೊಟ್ಟ.

ಮರುಳಪ್ಪ ಒಂದು ಹೆಜ್ಜೆ ಮುಂದಿಟ್ಟ. ಏನಾದರಾಗಲಿ, ಎಲ್ಲರೆದುರೇ ಕುಡಿಸಿಬಿಡುತ್ತೇನೆಂದುಕೊಂಡ. ತೆರೆದ ಬಾಗಿಲಲ್ಲಿ ಕೋಟೆಯ ಗುಡ್ಡ ಇನ್ನೂ ಈಜುತ್ತಿತ್ತು. ಈಗ ಅದು ಹೊಸ್ತಿಲು ದಾಟಿ ಒಳಗೂ ಬಂತು. ಬಟ್ಟಲು ಓಲಾಡಿತು. ಬೀಳುವ ಮೊದಲು ಹನುಮಂತಯ್ಯ ಅದನ್ನು ಕಿತ್ತುಕೊಂಡ. ಕಿತ್ತುಕೊಳ್ಳುವಾಗ ಕೈ ತಾಕಿತು.

"ಅಯ್ಯಯ್ಯೋ! ಏನಯ್ಯಾ ನಿನ್ನ ಕೈ, ಕಾದ ಹಂಚಿದ್ದಂಗೈತೆ! ತಗಿ ಬಾಯಿ."

ಥರ್ಮಾಮೀಟರ್ ಮರುಳಪ್ಪನ ಬಾಯಿಗೆ ಹೋಯಿತು; ನೂರಾ ಮೂರು ಹೇಳಿತು.

"ಯಾವಾಗ್ಲಿಂದ ಹಿಂಗೆ?"

"ಬೆಳಗ್ಗಿಂದ್ರಿ," ಎಂದ ಮರುಳಪ್ಪ. "ಮೈ ಜುಮ್ಮಂತಿತ್ತು, ಗುಡ್ಡ ಈಜಾಕತ್ತಿತ್ತು. ನಾನು ಸಂತೋಷ ಅನಕೊಂಡಿದ್ದೆ."

"ಮಲೇರಿಯಾ ಅದು," ಎಂದ ಹನುಮಂತಯ್ಯ. "ಮಲಿಕ್ಕ. ಕ್ವಿನೈನ್ ಕೊಡ್ತೀನಿ. ಒಂದು ವಾರ ಹಾಲಾಗೆ ನೆನ್ಸಿದ ಡಬಲ್ ರೊಟ್ಟಿ ಬುಟ್ಟು ಬ್ಯಾರೆ ಏನೂ ಮುಟ್ಟಂಗಿಲ್ಲ. ರೊಟ್ಟಿ ಮೊದ್ಲೇ ತಂದ್ ಮಡಿಕಂಡಿದ್ದೀಯ, ಜಾಣ!"

ಆಮೇಲೆ ಎಲ್ಲವೂ ಚಕಚಕನೆ ನಡೆಯಿತು. ಗುರುಬಸಮ್ಮನನ್ನು ಎಬ್ಬಿಸಿ ಮರುಳಪ್ಪನನ್ನು ಅದೇ ಹೊರಸಿನ ಮೇಲೆ ಮಲಗಿಸಿ ಅದೇ ಕಂಬಳಿ ಹೊದಿಸಿದರು. ಬಟ್ಟಲಲ್ಲಿದ್ದ ಸೂಪನ್ನು ಸುಂಕಮ್ಮ ಪಾತ್ರೆಗೆ ಬಗ್ಗಿಸಿದಳು. ಬಂದವರು ಬರಿಗೈಲಿ ಹೋಗಬಾರದೆಂದು ಗುರುಬಸಮ್ಮ ಎಲ್ಲರಿಗೂ ಹಿತ್ತಾಳೆ ಬಟ್ಟಲುಗಳಲ್ಲಿ ಹಾಕಿ, ಜೋಳದ ರೊಟ್ಟಿಯ ಜತೆ ಕೊಟ್ಟಳು. ತಾನೂ ತಳದಲ್ಲಿ ಉಳಿದದ್ದನ್ನು ಬಳಿದುಕೊಂಡು ತಿಂದಳು. ಚೆನ್ನಾಗಿದೆ, ಹಸಿಮೆಣಸಿನಕಾಯಿ ಬೇಕಿತ್ತು ಎಂದು ಸಣ್ಣಬಸಪ್ಪ ಅಭಿಪ್ರಾಯಪಟ್ಟ.

ಸಂಜೆ ಗುರುಬಸಮ್ಮ ಡಬಲ್ ರೊಟ್ಟಿಯನ್ನು ಮುರಿದು ಹಾಲಿನಲ್ಲಿ ನೆನೆಸಿ, ಹೊರಸಿನ ಅಂಚಿನಲ್ಲಿ ಕೂತು ಗಂಡನಿಗೆ ಒಂದೊಂದೇ ಚೂರು ತಿನ್ನಿಸಿದಳು. ಸಪ್ಪಗಿತ್ತು. ಅವನು ಕಣ್ಣು ಮುಚ್ಚಿಕೊಂಡು ತಿಂದ. ಎರಡು ಚೂರಿಗೊಮ್ಮೆ ಅವಳು ಅವನ ಹಣೆ ಮುಟ್ಟಿ ನೋಡುತ್ತಿದ್ದಳು.

ನಾಲ್ಕು ದಿನಕ್ಕೆ ರೊಟ್ಟಿ ಮುಗಿಯಿತು. ಬಳ್ಳಾರಿಯ ಗಾರ್ಡಿಗೆ ಆ ತಿಂಗಳೇ ಬೇರೆ ಲೈನಿಗೆ ವರ್ಗವಾಯಿತು. ಮರುಳಪ್ಪ ಕೊಟ್ಟ ಮಾತು ನಡೆಯಲಿಲ್ಲ.